ಹಿಂದೆ ಬಿದ್ದವರು ಕಣ ಬಿಡಬೇಕೆ?

ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಯ ದಿನಗಳು ಹತ್ತಿರ ಬಂದವೆಂದರೆ ವಡಾಲ, ಮಾಟುಂಗಾ, ಸಾಯನ್ ಕಡೆಯ ನಮ್ಮವರ ನಡುವೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಮಾರಾಯ್ರೆ, ನಿಮಗೆ ಹೇಗೂ ಬಹುಮತ ಇಲ್ಲ. ಸುಮ್ಮನೆ ನಾಮಪತ್ರ ಹಿಂದೆ ತೆಗೆದುಕೊಳ್ಳಿ. ಅವಿರೋಧವಾಗಿ ಆಗಿಹೋಗಲಿ, ಸಂಘದ ಮರ್ಯಾದೆಯಾದರೂ ಉಳಿಯುತ್ತದೆ." ಹೇಳುವವರು ಸಾಮಾನ್ಯವಾಗಿ ಹಿರಿಯರು, ಎರಡೂ ಕಡೆಯವರಿಗೆ ಬೇಕಾದವರು. ಅವರ ಮಾತಿನಲ್ಲಿ ಕೆಡುಕಿರುವುದಿಲ್ಲ. ಊರು ಬಿಟ್ಟು ಬಂದು ನಾಲ್ಕು ಜನ ಸೇರಿ ಕಟ್ಟಿಕೊಂಡ ಸಂಸ್ಥೆಯಲ್ಲಿ ಎರಡು ಪಂಗಡಗಳಾಗಿ ಮತ ಹಾಕುವುದು ಅವರ ಕಣ್ಣಿಗೆ ಮನೆಯ ಜಗಳವನ್ನು ಬೀದಿಗೆ ತಂದಂತೆ ಕಾಣುತ್ತದೆ. ನಾಮಪತ್ರ ಹಿಂದಕ್ಕೆ ಬರುತ್ತದೆ, ಚಪ್ಪಾಳೆಯಾಗುತ್ತದೆ, ಕಾಫಿ-ಉಪ್ಪಿಟ್ಟಿನೊಂದಿಗೆ ಸಭೆ ಮುಗಿಯುತ್ತದೆ.

ಹಾಗೆ ಹಿಂದೆ ಸರಿದದ್ದರಿಂದ ಮರ್ಯಾದೆ ನಿಜವಾಗಿ ಉಳಿಯಿತೆ, ಯಾರ ಮರ್ಯಾದೆ ಉಳಿಯಿತು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಯನ್ನು ನಮ್ಮ ಪುಟ್ಟ ಸಂಘಗಳ ಮಟ್ಟದಿಂದ ಎತ್ತಿ ದೇಶದ ಇತಿಹಾಸದಲ್ಲಿಟ್ಟು ನೋಡಿದರೆ ಕೆಲವು ಸಂಗತಿಗಳು ಹೊಳೆಯುತ್ತವೆ. ಒಂದೇ ಪಕ್ಷದೊಳಗೆ ನಾಯಕತ್ವಕ್ಕೆ ಇಬ್ಬರು ನಿಂತಿದ್ದಾರೆ. ಒಬ್ಬರಿಗೆ ಜನ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿದೆ. ಕಡಿಮೆಯವರು ಏನು ಮಾಡಬೇಕು?

ಅಮೆರಿಕದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಮನೆಗಳು ನಮ್ಮಲ್ಲಿ ಈಗ ವಿರಳವಲ್ಲ. ಅಲ್ಲಿ ಅಧ್ಯಕ್ಷ ಪದವಿಯ ಚುನಾವಣೆಗೆ ಮುಂಚೆ ಪಕ್ಷದೊಳಗೇ ರಾಜ್ಯದಿಂದ ರಾಜ್ಯಕ್ಕೆ ತಿಂಗಳುಗಟ್ಟಲೆ ನಡೆಯುವ 'ಪ್ರೈಮರಿ' ಎಂಬ ಒಳಚುನಾವಣೆಯ ವಿಚಾರ ಅವರಿಗೆಲ್ಲ ಗೊತ್ತು. 2008ರಲ್ಲಿ ಜನವರಿ 3ರಿಂದ ಜೂನ್ 3ರ ತನಕ ಅದು ನಡೆಯಿತು. ಹಿಲರಿ ಕ್ಲಿಂಟನ್ ಹಿಂದೆ ಬಿದ್ದಿದ್ದಾರೆ, ಪಕ್ಷದ ಹಿತಕ್ಕಾಗಿ ಸರಿಯಲಿ ಎಂದು ದೊಡ್ಡವರೆಲ್ಲ ಹೇಳುತ್ತ ಬಂದರು. ಆಕೆ ಕೊನೆಯ ರಾಜ್ಯ ಮತ ಹಾಕುವ ತನಕ ನಿಂತು, ಜೂನ್ 7ರಂದು ಒಬಾಮಾರಿಗೆ ಬೆಂಬಲ ಘೋಷಿಸಿದರು. ಪಕ್ಷವೇನೂ ಮುಳುಗಲಿಲ್ಲ, ನವೆಂಬರಿನಲ್ಲಿ ಒಬಾಮಾ ಗೆದ್ದರು, ಮರುವರ್ಷ ಆಕೆ ಅವರ ವಿದೇಶಾಂಗ ಸಚಿವೆಯಾದರು. ಆದರೆ 1980ರಲ್ಲಿ ಎಡ್ವರ್ಡ್ ಕೆನೆಡಿ ಇದೇ ರೀತಿ ಆಗಸ್ಟಿನ ಮಹಾಧಿವೇಶನದ ತನಕ ಕಾರ್ಟರರ ಎದುರು ನಿಂತರು, ಕಾರ್ಟರ್ ಸೋತರು. 1976ರಲ್ಲಿ ರೇಗನ್ 1070 ಪ್ರತಿನಿಧಿಗಳೊಂದಿಗೆ ಫೋರ್ಡರ 1187ರ ಎದುರು ಕೊನೆತನಕ ನಿಂತರು, ಫೋರ್ಡ್ ಸೋತರು. ಹೀಗೆ ಅಲ್ಲಿಯ ಇತಿಹಾಸ ಎರಡೂ ಕಡೆಗೆ ಸಾಕ್ಷಿ ನುಡಿಯುವುದರಿಂದ ಅದರಿಂದ ತೀರ್ಪು ಪಡೆಯುವುದು ಕಷ್ಟ. ನಮ್ಮಲ್ಲಿಯೇ, ಈ ಮುಂಬಯಿಯಿಂದಲೇ ರಾಜ್ಯವಾಳಿದ ಒಬ್ಬರ ಜೀವನದಲ್ಲಿ ಈ ಪ್ರಶ್ನೆ ಮೂರು ವರ್ಷಗಳಲ್ಲಿ ಮೂರು ಬಾರಿ ಬಂತು. ಒಮ್ಮೆ ಅವರು ಸರಿದರು, ಒಮ್ಮೆ ನಿಂತರು, ಮತ್ತೊಮ್ಮೆ ಬೆಲೆ ಪಡೆದು ಸರಿದರು. ಅವರು ಮೊರಾರ್ಜಿ ದೇಸಾಯಿ.

ಇಂದಿನ ಎಳೆಯರಿಗೆ ಮೊರಾರ್ಜಿಯವರೆಂದರೆ ದೀರ್ಘಾಯುಷ್ಯವೂ ನಾಲ್ಕು ವರ್ಷಕ್ಕೊಮ್ಮೆ ಬರುವ ಹುಟ್ಟುಹಬ್ಬವೂ ನೆನಪಾಗಬಹುದು (ಅವರು ಹುಟ್ಟಿದ್ದು 1896ರ ಫೆಬ್ರವರಿ 29ರಂದು). ಹಳಬರಿಗೆ ನೆನಪಾಗುವುದು ಬೇರೆ. 1930ರಲ್ಲಿ ಡೆಪ್ಯುಟಿ ಕಲೆಕ್ಟರ್ ಹುದ್ದೆಯನ್ನು ಬಿಟ್ಟು ಅವರು ಚಳವಳಿಗೆ ಇಳಿದರು. ಅದೇ ವರ್ಷ ಇತ್ತ ನಮ್ಮ ವಡಾಲದ ಉಪ್ಪಿನಾಗರಗಳಿಗೆ ಸಾವಿರಾರು ಸತ್ಯಾಗ್ರಹಿಗಳು ನುಗ್ಗಿ ಲಾಠಿಯೇಟು ತಿಂದರು, ಅತ್ತ ಉತ್ತರ ಕನ್ನಡದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೆ ಮೊರಾರ್ಜಿ ಮುಂಬಯಿ ರಾಜ್ಯದ ಗೃಹಮಂತ್ರಿಯಾಗಿ ಪಾನನಿರೋಧವನ್ನು ಬಿಗಿಯಾಗಿ ನಡೆಸಿದರು. 1952ರ ಚುನಾವಣೆಯಲ್ಲಿ ತಮ್ಮ ಕ್ಷೇತ್ರದಲ್ಲಿ ಕೇವಲ 19 ಮತಗಳಿಂದ ಸೋತರು; ಆದರೂ ಪಕ್ಷ ಅವರನ್ನೇ ಮುಖ್ಯಮಂತ್ರಿಯನ್ನಾಗಿ ಮಾಡಿತು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು 1956ರ ಅಕ್ಟೋಬರ್ ಕೊನೆಯ ತನಕ ಮುಂಬಯಿ ರಾಜ್ಯದಲ್ಲಿದ್ದುದರಿಂದ ಆ ಭಾಗದ ಕನ್ನಡಿಗರಿಗೆಲ್ಲ ಅವರೇ ಮುಖ್ಯಮಂತ್ರಿ. ಜಮಖಂಡಿಯ ಬಿ.ಡಿ. ಜತ್ತಿಯವರು ಅಂದಿನ ಮುಂಬಯಿ ಸರಕಾರದಲ್ಲಿದ್ದರು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದ ಗೋಲೀಬಾರಿನಿಂದಾಗಿ ಮುಂಬಯಿಯ ಮರಾಠಿ ಜನ ಅವರನ್ನು ಎಂದೂ ಕ್ಷಮಿಸಲಿಲ್ಲ. ಫ್ಲೋರಾ ಫೌಂಟನ್ ಬಳಿಯ ಹುತಾತ್ಮ ಚೌಕ ಇಂದಿಗೂ ಅದರ ಸಾಕ್ಷಿಯಾಗಿ ನಿಂತಿದೆ. ಹಟವಾದಿ, ನಿಷ್ಠುರವಾದಿ, ಪ್ರಾಮಾಣಿಕ ಎಂಬ ಮೂರೂ ವಿಶೇಷಣಗಳನ್ನು ಅವರ ಮಿತ್ರರೂ ಶತ್ರುಗಳೂ ಒಪ್ಪುತ್ತಿದ್ದರು.

ಮೊದಲ ಪ್ರಸಂಗ 1964ರದು. ಮೇ 27ರಂದು ನೆಹರೂ ತೀರಿಕೊಂಡರು. ಅದಕ್ಕೆ ಒಂಬತ್ತು ತಿಂಗಳ ಹಿಂದೆ 'ಕಾಮರಾಜ ಯೋಜನೆ'ಯಂತೆ ಮೊರಾರ್ಜಿ, ಲಾಲ್ ಬಹಾದುರ್ ಶಾಸ್ತ್ರಿ, ನಮ್ಮ ಮುಂಬಯಿಯ ಎಸ್.ಕೆ. ಪಾಟೀಲ ಮೊದಲಾದವರೆಲ್ಲ ಮಂತ್ರಿಪದವಿ ಬಿಟ್ಟಿದ್ದರು. 1963ರ ಅಕ್ಟೋಬರಿನಲ್ಲಿ ತಿರುಪತಿಯಲ್ಲಿ ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಮತ್ತು ಮೈಸೂರಿನ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಒಟ್ಟಿಗೆ ಕೂತು ಮುಂದಿನ ಮಾತನ್ನಾಡಿದ್ದರು. 'ಸಿಂಡಿಕೇಟ್' ಎಂದು ಪತ್ರಿಕೆಗಳು ಕರೆದ ಆ ಕೂಟದ ಮೊದಲ ಗುರಿಯೇ ಮೊರಾರ್ಜಿಯವರು ಪ್ರಧಾನಿಯಾಗದಂತೆ ನೋಡಿಕೊಳ್ಳುವುದು. ನೆಹರೂ ನಿಧನರಾದ ಮೇಲೆ ಪಕ್ಷದ ಅಧ್ಯಕ್ಷ ಕಾಮರಾಜರು ಸಂಸದರನ್ನೂ ಮುಖ್ಯಮಂತ್ರಿಗಳನ್ನೂ ಒಬ್ಬೊಬ್ಬರಾಗಿ ಕರೆದು ಅಭಿಪ್ರಾಯ ಕೇಳಿದರು. ಕೇಳಿ ಬಂದು, ಒಮ್ಮತ ಶಾಸ್ತ್ರಿಯವರ ಪರವಾಗಿದೆ ಎಂದರು. ಯಾರ ಪರವಾಗಿ ಎಷ್ಟು ಜನ ಎಂದು ಹೇಳಲಿಲ್ಲ. ಮೊರಾರ್ಜಿ ಸರಿದರು. ಜೂನ್ 2ರಂದು ಗುಲ್ಜಾರಿಲಾಲ್ ನಂದಾ ಶಾಸ್ತ್ರಿಯವರ ಹೆಸರನ್ನು ಸೂಚಿಸಿದರು, ಮೊರಾರ್ಜಿಯವರೇ ಅನುಮೋದಿಸಿದರು.

ನೋಡಲು ಬಲು ಚೆಂದದ ದೃಶ್ಯ. ಲೋಕವೆಲ್ಲ ಹೊಗಳಿತು. ನೆಹರೂ ನಂತರ ಭಾರತ ಒಡೆದುಹೋಗುತ್ತದೆ ಎಂದು ಬರೆದಿದ್ದ ವಿದೇಶೀ ಪತ್ರಕರ್ತರ ಬಾಯಿ ಮುಚ್ಚಿತು. ಶಾಸ್ತ್ರಿಯವರ ಸಜ್ಜನಿಕೆಯಿಂದಾಗಿ ಮುಂದಿನ ಹತ್ತೊಂಬತ್ತು ತಿಂಗಳು ಈ ಒಮ್ಮತಕ್ಕೆ ಚ್ಯುತಿ ಬರಲಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ಮೊರಾರ್ಜಿ ಸಂಪುಟ ಸೇರಲಿಲ್ಲ. ತನಗೆ ಎಷ್ಟು ಜನರ ಬೆಂಬಲವಿತ್ತು ಎಂಬುದು ಅವರಿಗೂ ತಿಳಿಯಲಿಲ್ಲ, ದೇಶಕ್ಕೂ ತಿಳಿಯಲಿಲ್ಲ. ಸೋತವನಿಗೆ ಸೋಲಿನ ಅಳತೆಯಾದರೂ ಸಿಗಬೇಕು; ಅದೂ ಸಿಗದಿದ್ದರೆ 'ಎಣಿಸಿದ್ದರೆ ಗೆಲ್ಲುತ್ತಿದ್ದೆನೋ ಏನೋ' ಎಂಬ ಬೂದಿ ಮುಚ್ಚಿದ ಕೆಂಡ ಉಳಿದುಬಿಡುತ್ತದೆ.

ಅದು ಎದ್ದು ಉರಿದದ್ದು ಎರಡನೆಯ ಪ್ರಸಂಗದಲ್ಲಿ. 1966ರ ಜನವರಿ 11ರ ಬೆಳಗಿನ ಜಾವ ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ತೀರಿಕೊಂಡರು. ಈ ಬಾರಿ ಕಾಮರಾಜರ ಮನಸ್ಸು ಇಂದಿರಾ ಗಾಂಧಿಯವರ ಕಡೆಗೆ. ಬಹುಪಾಲು ರಾಜ್ಯಗಳ ಮುಖ್ಯಮಂತ್ರಿಗಳು, ನಮ್ಮ ನಿಜಲಿಂಗಪ್ಪನವರೂ ಸೇರಿ, ಅವರನ್ನು ಬೆಂಬಲಿಸಿದರು. ಅಂದಿನ ಮುಖ್ಯಮಂತ್ರಿಗಳ ಮಾತಿಗೆ ತಮ್ಮ ರಾಜ್ಯದ ಸಂಸದರ ಮೇಲೆ ಇದ್ದ ಹಿಡಿತ ಇಂದಿನವರು ಊಹಿಸಲಾರರು. ಮುಂದಿನ ವರ್ಷವೇ ಮಹಾಚುನಾವಣೆ, ಟಿಕೆಟ್ ಅವರ ಕೈಯಲ್ಲಿ. ಲೆಕ್ಕ ಮುಗಿದಂತೆಯೇ. ಮತ್ತೆ ಅದೇ ಮಾತು ಬಂತು: ಪಕ್ಷದ ಒಗ್ಗಟ್ಟಿಗಾಗಿ ಸರಿಯಿರಿ, ಸರ್ವಾನುಮತವಾಗಲಿ. ಮೊರಾರ್ಜಿ ಒಪ್ಪಲಿಲ್ಲ. ಗುಪ್ತ ಮತದಾನವಾಗಲಿ ಎಂದು ಪಟ್ಟು ಹಿಡಿದರು.

ಜನವರಿ 19ರಂದು ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ಕಾಂಗ್ರೆಸ್ ಸಂಸದರು ಮತ ಹಾಕಿದರು. ಇಂದಿರಾ ಗಾಂಧಿ 355, ಮೊರಾರ್ಜಿ ದೇಸಾಯಿ 169.

ಈ 169ರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಪಕ್ಷದ ಅಧ್ಯಕ್ಷರು, ಬಹುತೇಕ ಮುಖ್ಯಮಂತ್ರಿಗಳು, ನೆಹರೂ ಎಂಬ ಹೆಸರಿನ ಪ್ರಭಾವ ಎಲ್ಲವೂ ಒಂದು ಕಡೆ. ಇನ್ನೊಂದು ಕಡೆ ಎಪ್ಪತ್ತು ವರ್ಷದ, ಯಾರನ್ನೂ ಒಲಿಸಿಕೊಳ್ಳಲು ಬಾರದ ಒಬ್ಬ ಮನುಷ್ಯ. ಆದರೂ ಮೂವರಲ್ಲಿ ಒಬ್ಬರಷ್ಟು ಸಂಸದರು ತೆರೆಯ ಹಿಂದೆ ಹೋಗಿ ಅವರ ಹೆಸರಿಗೆ ಗುರುತು ಹಾಕಿ ಬಂದರು. ಮೊರಾರ್ಜಿ ಹಿಂದೆ ಸರಿದಿದ್ದರೆ ಆ 169 ಮಂದಿ ಸಭೆಯಲ್ಲಿ ಕೂತು ಚಪ್ಪಾಳೆ ತಟ್ಟಿ ಎದ್ದು ಬರುತ್ತಿದ್ದರು, ಅಂಥವರು ಇದ್ದರೆಂಬುದೇ ಇತಿಹಾಸಕ್ಕೆ ತಿಳಿಯುತ್ತಿರಲಿಲ್ಲ. ಕಣದಲ್ಲಿ ಹಿಂದೆ ಬಿದ್ದವರನ್ನು ಸರಿಯಿರಿ ಎನ್ನುವಾಗ ನಾವು ಒಬ್ಬ ವ್ಯಕ್ತಿಗೆ ಹೇಳುತ್ತಿದ್ದೇವೆಂದು ಭಾವಿಸುತ್ತೇವೆ. ವಾಸ್ತವವಾಗಿ ಅವರ ಹಿಂದೆ ನಿಂತ ಅಷ್ಟೂ ಮಂದಿಗೆ ನಿಮ್ಮ ಅಭಿಪ್ರಾಯ ಎಣಿಕೆಗೆ ಬಾರದು ಎಂದು ಹೇಳುತ್ತಿರುತ್ತೇವೆ. ಮುಂಬಯಿಯ ಯಾವ ವಾರ್ಡಿಗೆ ಹೋದರೂ ಸಂಖ್ಯೆಯಲ್ಲಿ ಕಡಿಮೆಯಾಗಿಯೇ ಬಾಳಿದ ನಮ್ಮಂಥವರಿಗೆ ಇದು ಬೇಗ ಅರ್ಥವಾಗಬೇಕು.

ಇಂದಿರಾ ಅವರಿಗೆ ಈ ಸ್ಪರ್ಧೆಯಿಂದ ನಷ್ಟವಾಯಿತೆ? ನನಗೆ ತೋರುವಂತೆ ಇಲ್ಲ. ಕಾಮರಾಜರು ಕೂರಿಸಿದ ಗೊಂಬೆ ಎಂಬ ಮಾತಿಗೆ 355 ಮತಗಳೇ ಉತ್ತರವಾದವು. ಸೋತ ಮೊರಾರ್ಜಿ ಫಲಿತಾಂಶವನ್ನು ಒಪ್ಪಿದರು, ಶಾಸ್ತ್ರಿಯವರ ಕಾಲದಲ್ಲೇ ತಮಗೆ ವಹಿಸಿದ್ದ ಆಡಳಿತ ಸುಧಾರಣಾ ಆಯೋಗದ ಕೆಲಸದಲ್ಲಿ ತೊಡಗಿಕೊಂಡರು. ಮುಂದಿನ ಒಂದು ವರ್ಷ, ರೂಪಾಯಿಯ ಅಪಮೌಲ್ಯ, ಬರಗಾಲ, ಗೋಹತ್ಯಾ ನಿಷೇಧದ ಗಲಭೆ ಎಂದು ಪ್ರಧಾನಿ ತತ್ತರಿಸಿದಾಗ ಅವರಿಗೆ ಹೆಚ್ಚು ತಲೆನೋವು ತಂದವರು ಎದುರು ನಿಂತು ಸೋತ ಮೊರಾರ್ಜಿಯಲ್ಲ, ಬೆನ್ನ ಹಿಂದೆ ನಿಂತು ಗೆಲ್ಲಿಸಿದ ಕಾಮರಾಜರ ಬಳಗ. ಈ ವಿಚಿತ್ರವನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಅನಿಸಿಕೆ.

ಮೂರನೆಯ ಪ್ರಸಂಗ ಬಂದದ್ದು 1967ರ ಮಹಾಚುನಾವಣೆಯ ನಂತರ. ಆ ಚುನಾವಣೆಯ ನೆನಪು ಮುಂಬಯಿ ಕನ್ನಡಿಗರಿಗೆ ಒಂದು ವಿಶೇಷ ಕಾರಣಕ್ಕಾಗಿ ಇದೆ. ಈ ನಗರದ ಮುಕುಟವಿಲ್ಲದ ಅರಸ ಎನ್ನಿಸಿಕೊಂಡಿದ್ದ, ಮೂರು ಸಲ ಮೇಯರ್ ಆಗಿದ್ದ, ಸಿಂಡಿಕೇಟಿನ ಕಂಬಗಳಲ್ಲೊಬ್ಬರಾಗಿದ್ದ ಎಸ್.ಕೆ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ್ದು ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಕಾರ್ಮಿಕ ನಾಯಕನಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್. 'ಹೇಗೂ ಸೋಲುತ್ತೀರಿ, ಏಕೆ ನಿಲ್ಲುತ್ತೀರಿ' ಎಂಬ ಮಾತನ್ನು ಅವರು ಕೇಳಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು. ಕಾಮರಾಜರು ತಮ್ಮ ಊರಿನಲ್ಲೇ ಒಬ್ಬ ವಿದ್ಯಾರ್ಥಿ ನಾಯಕನ ಕೈಯಲ್ಲಿ ಸೋತರು. ಅತುಲ್ಯ ಘೋಷರೂ ಸೋತರು. ಲೋಕಸಭೆಯ 520 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 283. ಮದ್ರಾಸಿನಿಂದ ಪಂಜಾಬಿನವರೆಗೆ ಅನೇಕ ರಾಜ್ಯಗಳು ಕೈಬಿಟ್ಟವು. ಮೈಸೂರಿನಲ್ಲಿ ಮಾತ್ರ ನಿಜಲಿಂಗಪ್ಪನವರ ಸರಕಾರ ಉಳಿಯಿತು.

ಇಂಥ ಹೊತ್ತಿನಲ್ಲಿ ನಾಯಕತ್ವಕ್ಕಾಗಿ ಮತ್ತೆ ಮತದಾನವೆಂದರೆ ಪಕ್ಷವೇ ಒಡೆದೀತೆಂಬ ಭಯ ಎಲ್ಲರಿಗೂ ಹುಟ್ಟಿತು. ಮಧ್ಯಸ್ಥರು ಓಡಾಡಿದರು. ಮೊರಾರ್ಜಿ ಕಣದಿಂದ ಸರಿಯಬೇಕು. ಪ್ರತಿಯಾಗಿ ಉಪಪ್ರಧಾನಿ ಪದವಿ. ಅವರು ಗೃಹಖಾತೆ ಬಯಸಿದರು. ಅದು ಯಶವಂತರಾವ್ ಚವಾಣರ ಬಳಿ ಇತ್ತು. ಕೊನೆಗೆ ಹಣಕಾಸು ಸಿಕ್ಕಿತು. ಮಾರ್ಚ್ 12ರಂದು ಇಂದಿರಾ ಸರ್ವಾನುಮತದಿಂದ ನಾಯಕಿಯಾದರು. ಮೊರಾರ್ಜಿ ಬಿಟ್ಟ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ ವಿಧಾನಸೌಧ ಕಟ್ಟಿಸಿದ ನಮ್ಮ ಕೆಂಗಲ್ ಹನುಮಂತಯ್ಯನವರಿಗೆ ಬಂತು. ಕನ್ನಡಿಗರಿಗೆ ಇದರಿಂದಾದ ಲಾಭ ಅಷ್ಟು.

ಈಗ ಪರಿಣಾಮ ನೋಡಿ. 1966ರಲ್ಲಿ ಸೆಂಟ್ರಲ್ ಹಾಲಿನಲ್ಲಿ ಒಂದು ದಿನದಲ್ಲಿ ಮುಗಿದಿದ್ದ ಸ್ಪರ್ಧೆ ಈ ಬಾರಿ ಮಂತ್ರಿಮಂಡಲದೊಳಗೆ ಹೊಕ್ಕು ಎರಡು ವರ್ಷ ನಾಲ್ಕು ತಿಂಗಳು ನಡೆಯಿತು. ಪ್ರಧಾನಿಗೆ ತನ್ನ ಪಕ್ಕದಲ್ಲಿ ಕೂತವರು ತಮಗೆ ಬೇಕಾಗಿ ಬಂದವರಲ್ಲ ಎಂಬ ಅರಿವು. ಉಪಪ್ರಧಾನಿಗೆ ತಾನು ಸೋತು ಬಂದವನಲ್ಲ, ಒಪ್ಪಂದದಿಂದ ಬಂದವನು ಎಂಬ ಬಿಗುಮಾನ. ಬ್ಯಾಂಕುಗಳ ಮೇಲೆ ಸಾಮಾಜಿಕ ಹತೋಟಿ ಸಾಕು ಎಂಬುದು ಮೊರಾರ್ಜಿಯವರ ಮತ, ರಾಷ್ಟ್ರೀಕರಣವೇ ಆಗಬೇಕೆಂಬುದು ಎದುರು ಬಣದ ಕೂಗು. ಇದು ಹಣಕಾಸಿನ ವಾದ ಎಂದು ಹೊರಗೆ ಕಂಡರೂ ಒಳಗೆ ನಡೆದದ್ದು ನಡೆಯದೆ ಉಳಿದ ಚುನಾವಣೆಯೇ.

ಅದು ಸ್ಫೋಟವಾದದ್ದು ಬೆಂಗಳೂರಿನಲ್ಲಿ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. 1969ರ ಜುಲೈ ತಿಂಗಳ ಆ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನಕ್ಕೆ ಅಧ್ಯಕ್ಷರು ನಿಜಲಿಂಗಪ್ಪನವರು. ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿಯವರನ್ನು ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ಆರಿಸಿತು, ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ. ಜುಲೈ 16ರಂದು ಅವರು ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಮೊರಾರ್ಜಿ ರಾಜೀನಾಮೆ ಕೊಟ್ಟರು. 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಇತ್ತು, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯಿಂದ ಬೆಳೆದ ಸಿಂಡಿಕೇಟ್ ಬ್ಯಾಂಕೂ ಇತ್ತು. ಮುಂಬಯಿಯ ಹೋಟೆಲು ಮಾಲೀಕರಿಂದ ಹಿಡಿದು ಮಾಣಿಗಳ ತನಕ ನಮ್ಮವರ ಉಳಿತಾಯವೆಲ್ಲ ಇದ್ದ ಬ್ಯಾಂಕುಗಳು ಅವು. (ಹೆಸರಿನ ಕಾಕತಾಳೀಯಕ್ಕೆ ನಗಬೇಡಿ, ರಾಜಕೀಯದ ಸಿಂಡಿಕೇಟಿಗೂ ಉಡುಪಿಯ ಸಿಂಡಿಕೇಟಿಗೂ ಸಂಬಂಧವಿಲ್ಲ.) ರಾಷ್ಟ್ರೀಕರಣ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಬೇರೆ. ಆದರೆ ಅದು ಆ ವಾರದಲ್ಲಿ, ಆ ಅವಸರದಲ್ಲಿ ಆದದ್ದಕ್ಕೆ ಕಾರಣ ಪಕ್ಷದೊಳಗಿನ ಬಗೆಹರಿಯದ ಕಾಳಗ. ಆಗಸ್ಟಿನಲ್ಲಿ ವಿ.ವಿ. ಗಿರಿ ಗೆದ್ದರು, ನವೆಂಬರ್ 12ರಂದು ನಿಜಲಿಂಗಪ್ಪನವರ ಕಾಂಗ್ರೆಸ್ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು. ಪಕ್ಷ ಒಡೆಯಿತು. ಒಡೆಯಬಾರದೆಂದು ತಾನೆ 1967ರಲ್ಲಿ ಸರ್ವಾನುಮತ ಮಾಡಿಕೊಂಡದ್ದು!

ಹಾಗಾದರೆ ಎಣಿಕೆಯೊಂದೇ ಸರ್ವರೋಗಕ್ಕೂ ಮದ್ದೆ ಎಂದು ಕೇಳುವವರು ಇದ್ದಾರೆ. ಅವರ ಬಳಿ ಒಂದು ಬಲವಾದ ಉದಾಹರಣೆಯಿದೆ. 1939ರಲ್ಲಿ ಕಾಂಗ್ರೆಸ್ ಅಧ್ಯಕ್ಷತೆಗೆ ಸುಭಾಷ್ ಬೋಸ್ ಮತ್ತು ಪಟ್ಟಾಭಿ ಸೀತಾರಾಮಯ್ಯ ನಿಂತರು. ಮೌಲಾನಾ ಆಜಾದ್ ಮೊದಲೇ ಸರಿದಿದ್ದರು. ಮತ ಎಣಿಸಿದಾಗ ಬೋಸರಿಗೆ 1580. ಸುಮಾರು 200 ಮತಗಳ ಅಂತರದಿಂದ ಗೆಲುವು. ಆದರೆ ಪಟ್ಟಾಭಿಯವರ ಸೋಲನ್ನು ಗಾಂಧೀಜಿ ತಮ್ಮದೇ ಸೋಲೆಂದರು, ಕಾರ್ಯಕಾರಿ ಸಮಿತಿಯ ಹಿರಿಯರು ಹೊರಗೆ ನಡೆದರು, ಏಪ್ರಿಲ್ ಕೊನೆಯಲ್ಲಿ ಗೆದ್ದ ಬೋಸರೇ ರಾಜೀನಾಮೆ ಕೊಡಬೇಕಾಯಿತು. ಎಣಿಕೆ ನಡೆಯಿತು, ಸೋತವರ ಕಡೆಯವರು ಅದನ್ನು ಮಾನ್ಯ ಮಾಡಲಿಲ್ಲ. 1969ರಲ್ಲಿ ಬೆಂಗಳೂರಿನಲ್ಲೂ ಅಷ್ಟೆ: ಸಂಸದೀಯ ಮಂಡಳಿಯ ಎಣಿಕೆಯಲ್ಲಿ ಸೋತ ಇಂದಿರಾ ಆ ಸೋಲನ್ನು ಒಪ್ಪಲಿಲ್ಲ. ಆದ್ದರಿಂದ ಹಿಂದೆ ಬಿದ್ದವರಿಗೆ ಎಣಿಕೆ ಆಗುವ ತನಕ ನಿಲ್ಲುವ ಹಕ್ಕಿದೆಯೆಂದು ವಾದಿಸುವಾಗ, ಎಣಿಕೆಯಾದ ಮೇಲೆ ಕೂಡುವ ಹೊಣೆಯೂ ಅವರದೇ ಎಂಬುದನ್ನು ಜೊತೆಯಲ್ಲೇ ಹೇಳಬೇಕಾಗುತ್ತದೆ. 1966ರ ಮೊರಾರ್ಜಿ ಎರಡನ್ನೂ ಮಾಡಿದರು. ಅವರ ರಾಜಕೀಯ ಜೀವನದ ಅತ್ಯಂತ ಘನತೆಯ ದಿನ ಅವರು ಪ್ರಧಾನಿಯಾದ ದಿನವಲ್ಲ, 169 ಮತ ಪಡೆದು ಸೋತ ದಿನ ಎಂದು ನಾನು ತಿಳಿದಿದ್ದೇನೆ.

ಪ್ರಧಾನಿಯಾದ ಕಥೆಯನ್ನೂ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿಯೂ ಎಣಿಕೆ ತಪ್ಪಿತು. 1977ರ ಮಾರ್ಚಿನಲ್ಲಿ ಜನತಾ ಪಕ್ಷ ಗೆದ್ದಾಗ ಮೊರಾರ್ಜಿ, ಜಗಜೀವನ ರಾಮ್, ಚರಣ್ ಸಿಂಗ್ ಮೂವರಿಗೂ ಆ ಪದವಿಯ ಮೇಲೆ ಕಣ್ಣಿತ್ತು. ಸಂಸದರು ಮತ ಹಾಕುವ ಬದಲು ಆಯ್ಕೆಯನ್ನು ಜಯಪ್ರಕಾಶ ನಾರಾಯಣ ಮತ್ತು ಆಚಾರ್ಯ ಕೃಪಲಾನಿಯವರಿಗೆ ಒಪ್ಪಿಸಲಾಯಿತು. ಆ ಇಬ್ಬರು ಹಿರಿಯರು ಮೊರಾರ್ಜಿಯವರ ಹೆಸರು ಹೇಳಿದರು. ಮಾರ್ಚ್ 24ರಂದು ಪ್ರಮಾಣವಚನ ಬೋಧಿಸಿದವರು ಹಂಗಾಮಿ ರಾಷ್ಟ್ರಪತಿ ಬಿ.ಡಿ. ಜತ್ತಿಯವರು. ಹಿಂದೊಮ್ಮೆ ಮುಂಬಯಿ ಸರಕಾರದಲ್ಲಿ ತಮ್ಮ ಕೈಕೆಳಗಿದ್ದ ಬಿಜಾಪುರ ಜಿಲ್ಲೆಯ ಆ ಕನ್ನಡಿಗರ ಮುಂದೆ ನಿಂತು ಎಂಬತ್ತೊಂದರ ಮೊರಾರ್ಜಿ ಪ್ರತಿಜ್ಞೆ ಸ್ವೀಕರಿಸಿದರು. ಜಗಜೀವನ ರಾಮ್ ಮುನಿಸಿಕೊಂಡು ಮನೆಯಲ್ಲಿದ್ದರು, ಆಮೇಲೆ ಸೇರಿದರು. ಮೂವರಲ್ಲಿ ಯಾರಿಗೆ ಎಷ್ಟು ಎಂದು ಯಾರಿಗೂ ಗೊತ್ತಿಲ್ಲವಾದ್ದರಿಂದ ಮೂವರೂ ತಾವೇ ನಿಜವಾದ ನಾಯಕರೆಂದು ಎರಡು ವರ್ಷ ಕಾದಾಡಿದರು. 1979ರ ಜುಲೈ 15ರಂದು ಮೊರಾರ್ಜಿ ರಾಜೀನಾಮೆ ಕೊಟ್ಟರು.

ಆಗ ಅವರು ಸರಿಯಬೇಕಿತ್ತು. ಬಹುಮತ ಕರಗಿದ್ದು ಕಣ್ಣೆದುರಿಗೇ ಇತ್ತು, ಅನುಮಾನಕ್ಕೆ ಎಡೆಯಿರಲಿಲ್ಲ. ಪಕ್ಷದ ನಾಯಕತ್ವವನ್ನು ಆ ಕ್ಷಣವೇ ಜಗಜೀವನ ರಾಮರಿಗೆ ಬಿಟ್ಟುಕೊಟ್ಟಿದ್ದರೆ ಜನತಾ ಸರಕಾರ ಉಳಿಯುವ ಸಾಧ್ಯತೆ ಇತ್ತು. ದಲಿತ ಸಮುದಾಯದ ಒಬ್ಬ ಹಿರಿಯರು ಈ ದೇಶದ ಪ್ರಧಾನಿಯಾಗುವ ಅವಕಾಶವೂ ಅದಾಗಿತ್ತು. ಮೊರಾರ್ಜಿ ಬಿಡಲಿಲ್ಲ. ಬಿಟ್ಟಾಗ ಹೊತ್ತು ಮೀರಿತ್ತು. ಜುಲೈ 28ರಂದು ಚರಣ್ ಸಿಂಗ್ ಪ್ರಧಾನಿಯಾದರು, ಒಂದು ದಿನವೂ ಲೋಕಸಭೆಯನ್ನು ಎದುರಿಸದೆ ಇಳಿದರು. ನಿಲ್ಲಬೇಕಾದಲ್ಲಿ ನಿಂತ ಮನುಷ್ಯನೇ ಸರಿಯಬೇಕಾದಲ್ಲಿ ಸರಿಯದೆ ಹೋದದ್ದು ಸಣ್ಣ ದುರಂತವಲ್ಲ.

ಇನ್ನು ನಮ್ಮ ಕಾಲದ, ನಮ್ಮವರದೇ ಒಂದು ಪ್ರಸಂಗ. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ ವಿಧಾನಸಭೆಗೆ ಸತತ ಒಂಬತ್ತು ಸಲ ಗೆದ್ದವರು. ಮುಖ್ಯಮಂತ್ರಿ ಪದವಿಗೆ ಅವರ ಹೆಸರು 1999, 2004, 2013ರಲ್ಲಿ ಬಂದು ಮೂರು ಸಲವೂ ತಪ್ಪಿತು. 2013ರ ಮೇ 10ರಂದು ಶಾಸಕರ ಗುಪ್ತ ಮತದಾನದ ನಂತರ ಸಿದ್ದರಾಮಯ್ಯನವರು ಆಯ್ಕೆಯಾದರು. ಯಾರಿಗೆ ಎಷ್ಟು ಮತವೆಂದು ಪಕ್ಷ ಅಧಿಕೃತವಾಗಿ ಹೊರಗೆಡವಲಿಲ್ಲ. ಖರ್ಗೆ ಗೊಣಗದೆ ದಿಲ್ಲಿಗೆ ಮರಳಿದರು. 2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷತೆಗೆ ಚುನಾವಣೆ ಬಂದಾಗ ಈ ಬಾರಿ ಮುಂದಿದ್ದವರು ಅವರೇ. ದಿಗ್ವಿಜಯ ಸಿಂಗ್ ಅವರಿಗಾಗಿ ಕಣಕ್ಕಿಳಿಯದೆ ಉಳಿದರು. ಉಳಿದ ಒಬ್ಬರು ಶಶಿ ತರೂರ್. ಅವರು ಗೆಲ್ಲುವುದಿಲ್ಲವೆಂದು ಅವರೂ ಬಲ್ಲರು, ನಾಡೂ ಬಲ್ಲುದು. ಒಮ್ಮತವಾದರೆ ಒಳ್ಳೆಯದಲ್ಲವೇ ಎಂದು ತಾವು ತರೂರರಿಗೆ ಹೇಳಿದ್ದನ್ನೂ, ಪ್ರಜಾಪ್ರಭುತ್ವಕ್ಕಾಗಿ ಸ್ಪರ್ಧೆ ಬೇಕೆಂದು ಅವರು ಉತ್ತರಿಸಿದ್ದನ್ನೂ ಖರ್ಗೆಯವರೇ ಪತ್ರಕರ್ತರಿಗೆ ತಿಳಿಸಿದರು.

ತರೂರ್ ನಿಂತದ್ದರಿಂದ ಏನೇನಾಯಿತು ನೋಡಿ. ಮತಪತ್ರದಲ್ಲಿ ಇಷ್ಟವಾದ ಹೆಸರಿನೆದುರು '1' ಎಂದು ಬರೆಯಬೇಕೆಂಬ ಸೂಚನೆ ಮೊದಲು ಇತ್ತು. ಖರ್ಗೆಯವರ ಕ್ರಮಾಂಕ 1, ತಮ್ಮದು 2, ಮತದಾರರಿಗೆ ಗೊಂದಲವಾದೀತು ಎಂದು ತರೂರರ ಕಡೆಯವರು ಆಕ್ಷೇಪಿಸಿದ ಮೇಲೆ ಅದು ಟಿಕ್ ಗುರುತಾಯಿತು. ಯಾವ ರಾಜ್ಯದವರು ಯಾರಿಗೆ ಹಾಕಿದರೆಂದು ಗೊತ್ತಾಗದಂತೆ ಎಲ್ಲ ರಾಜ್ಯಗಳ ಮತಪತ್ರಗಳನ್ನು ಬೆರೆಸಿ ಎಣಿಸಲಾಯಿತು. ಎದುರಾಳಿಯೇ ಇಲ್ಲದಿದ್ದರೆ ಇಂಥ ವಿಚಾರಗಳು ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಅಕ್ಟೋಬರ್ 19ರಂದು ಎಣಿಸಿದಾಗ ಖರ್ಗೆ 7,897, ತರೂರ್ 1,072, ಅಸಿಂಧು 416. ನಿಜಲಿಂಗಪ್ಪನವರ ನಂತರ ಆ ಗಾದಿಗೇರಿದ ಮೊದಲ ಕನ್ನಡಿಗರು ಖರ್ಗೆ. ಮೇಲಿನವರು ನೇಮಿಸಿದವರು ಎಂಬ ಕೊಂಕಿಗೆ ಅವರ ಬಳಿ ಅಂಕಿಯಲ್ಲಿ ಉತ್ತರವಿತ್ತು, ಅದನ್ನು ಒದಗಿಸಿದವರು ಸೋತ ತರೂರ್. ಮರುವರ್ಷ ಆಗಸ್ಟಿನಲ್ಲಿ ಖರ್ಗೆ ತಮ್ಮ ಕಾರ್ಯಕಾರಿ ಸಮಿತಿಗೆ ತರೂರರನ್ನು ತೆಗೆದುಕೊಂಡರು.

ಅದಕ್ಕೆ ಮೂರು ತಿಂಗಳು ಮೊದಲು ಕರ್ನಾಟಕದಲ್ಲಿ ವಿಧಾನಸಭಾ ಚುನಾವಣೆ ನಡೆದು 2023ರ ಮೇ 13ರಂದು ಕಾಂಗ್ರೆಸ್ಸಿಗೆ 135 ಸ್ಥಾನಗಳು ಬಂದಿದ್ದವು. ಮುಖ್ಯಮಂತ್ರಿ ಪದವಿಗೆ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಇಬ್ಬರೂ ಪಟ್ಟು ಹಿಡಿದರು. ವೀಕ್ಷಕರು ಶಾಸಕರ ಅಭಿಪ್ರಾಯ ಸಂಗ್ರಹಿಸಿ ದಿಲ್ಲಿಗೆ, ಅಧ್ಯಕ್ಷ ಖರ್ಗೆಯವರ ಬಳಿಗೆ ಒಯ್ದರು. 135 ಮಂದಿಯಲ್ಲಿ ಯಾರ ಕಡೆ ಎಷ್ಟೆಂದು ಪ್ರಕಟಿಸಲಿಲ್ಲ. ದಿನಗಟ್ಟಲೆ ಮಾತುಕತೆ ನಡೆದು 18ರಂದು ಶಿವಕುಮಾರ್ ಉಪಮುಖ್ಯಮಂತ್ರಿ ಪದವಿಗೆ ಒಪ್ಪಿದರು, ಸಿದ್ದರಾಮಯ್ಯ ಸರ್ವಾನುಮತದ ನಾಯಕರಾದರು. ಅಧಿಕಾರ ಹಂಚಿಕೆಯ ಒಪ್ಪಂದವಿತ್ತೇ, ಇದ್ದರೆ ಎಷ್ಟು ವರ್ಷಕ್ಕೆ ಎಂಬ ಚರ್ಚೆ ಮುಂದಿನ ಎರಡು ವರ್ಷವೂ ಬೆಂಗಳೂರಿನ ಪತ್ರಿಕೆಗಳ ಮುಖಪುಟದಿಂದ ಇಳಿಯಲಿಲ್ಲ.